ವೆಬ್‌ವ್ಯೂನಲ್ಲಿರುವ ಪುಟದ ನಿಜವಾದ ಎತ್ತರವನ್ನು ಅಳೆಯುವುದು ಹೇಗೆ?

ವೆಬ್‌ವ್ಯೂನಲ್ಲಿ, ಅಂದರೆ ಆ್ಯಪ್‌ನೊಳಗೆ ವೆಬ್ ಪುಟ ತೋರಿಸುವ ಭಾಗದಲ್ಲಿ, ಪುಟ ಲೋಡ್ ಆದ ಕೂಡಲೇ ಎತ್ತರ ಅಳೆದರೆ ಲೇಖನದ ಕೊನೆಯ ಸಾಲುಗಳು ಕಾಣುವುದಿಲ್ಲ, ದೊಡ್ಡ ಲೇಖನದ ನಂತರ ಅದೇ ವೆಬ್‌ವ್ಯೂನಲ್ಲಿ ಚಿಕ್ಕದನ್ನು ತೆರೆದರೆ ಕೆಳಗೆ ಖಾಲಿ ಜಾಗ ಉಳಿಯುತ್ತದೆ ಎಂದು ಬರೆದಿದ್ದೀರಿ. ಇವು ಎರಡು ಬೇರೆ ಬೇರೆ ತೊಂದರೆಗಳು. ಒಂದೇ ಎಂದು ಭಾವಿಸಿ ನಾನೂ ಹಿಂದೆ ಅರ್ಧ ಸೆಕೆಂಡು ಬಿಟ್ಟು ಅಳೆಯುವ ದಾರಿ ಹಿಡಿದಿದ್ದೆ. ನೆಟ್‌ವರ್ಕ್ ನಿಧಾನವಾದಾಗಲೆಲ್ಲ ಅದು ಕೈಕೊಟ್ಟಿತು.

ಖಾಲಿ ಜಾಗಕ್ಕೆ ಕಾರಣ ನೀವು ಎತ್ತರಕ್ಕಾಗಿ ಕೇಳುತ್ತಿರುವ ಸ್ಕ್ರೋಲ್‌ಹೈಟ್ (ಸ್ಕ್ರೋಲ್ ಮಾಡಿ ನೋಡಬಹುದಾದ ಒಟ್ಟು ಎತ್ತರ). ಡಾಕ್ಯುಮೆಂಟಿನ ಸ್ಕ್ರೋಲ್‌ಹೈಟ್ ಎಂದೂ ವೆಬ್‌ವ್ಯೂನ ಎತ್ತರಕ್ಕಿಂತ ಕಡಿಮೆಯಾಗುವುದಿಲ್ಲವಾದ್ದರಿಂದ, ಹಿಂದಿನ ಲೇಖನಕ್ಕಾಗಿ 3000 ಪಿಕ್ಸೆಲ್‌ಗೆ ಬೆಳೆದಿದ್ದ ವೆಬ್‌ವ್ಯೂನಲ್ಲಿ 400ರಷ್ಟೇ ಎತ್ತರದ ಬರಹವಿದ್ದರೂ ಉತ್ತರ 3000 ಎಂದೇ ಬರುತ್ತದೆ. ಆದ್ದರಿಂದ ಇಡೀ ಲೇಖನವನ್ನು ಒಂದು ಡಿವ್‌ನೊಳಗೆ (ಪುಟದ ಭಾಗಗಳನ್ನು ಒಟ್ಟಿಗೆ ಹಿಡಿಯುವ ಎಚ್‌ಟಿಎಂಎಲ್ ಪೆಟ್ಟಿಗೆ) ಇಟ್ಟು, ಅಳತೆ ಕೊಡುವ ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಫಂಕ್ಷನ್ ಮೂಲಕ ಆ ಡಿವ್‌ನ ಎತ್ತರವನ್ನು ಮಾತ್ರ ಕೇಳಿ. ಬಾಡಿಯ ಮಾರ್ಜಿನ್ (ಸುತ್ತಲಿನ ಖಾಲಿ ಅಂಚು) ಸೊನ್ನೆ ಮಾಡಿ, ಡಿವ್‌ಗೆ 'ಫ್ಲೋ-ರೂಟ್' ಡಿಸ್‌ಪ್ಲೇ ಕೊಡಿ. ಇಲ್ಲದಿದ್ದರೆ ಕೊನೆಯ ಪ್ಯಾರಾದ ಮಾರ್ಜಿನ್ ಡಿವ್‌ನಿಂದ ಹೊರಚಾಚಿ ಲೆಕ್ಕಕ್ಕೆ ಸಿಗುವುದಿಲ್ಲ.

ಸಾಲುಗಳು ಕಾಣದಿರುವುದಕ್ಕೆ ಕಾರಣ ಅಳೆಯುವ ಹೊತ್ತು. ಲೋಡ್ ಮುಗಿಯಿತೆಂಬ ಸೂಚನೆ ಬಂದ ಮೇಲೂ ಲೇಜಿ ಲೋಡಿಂಗ್ ಚಿತ್ರಗಳು (ಬೇಕಾದಾಗ ಮಾತ್ರ ತರಿಸಿಕೊಳ್ಳುವ ಚಿತ್ರಗಳು) ಬರುತ್ತಿರುತ್ತವೆ, ತಡವಾಗಿ ಬಂದ ಫಾಂಟ್ ಸಾಲುಗಳನ್ನು ಬೇರೆಡೆ ಮುರಿಯುತ್ತದೆ. ಹೀಗಾಗಿ ಎತ್ತರವನ್ನು ಒಮ್ಮೆ ಕೇಳಿ ಸುಮ್ಮನಾಗುವ ಬದಲು, ಆ ಡಿವ್‌ನ ಮೇಲೆ ಅಳತೆಯ ಬದಲಾವಣೆ ಗಮನಿಸುವ ರೀಸೈಜ್‌ಅಬ್ಸರ್ವರ್ ಇಟ್ಟು, ಎತ್ತರ ಬದಲಾದಾಗಲೆಲ್ಲ ಪುಟವೇ ಆ್ಯಪ್‌ಗೆ ತಿಳಿಸುವಂತೆ ಮಾಡುವುದೇ ಸರಿಯಾದ ಪರಿಹಾರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಐಓಎಸ್‌ನಲ್ಲಿ ಇದಕ್ಕೆ, ಪುಟದ ಸಂದೇಶ ಪಡೆಯುವ ಮೆಸೇಜ್ ಹ್ಯಾಂಡ್ಲರ್ ಇದೆ. ಆಂಡ್ರಾಯ್ಡ್‌ನ ಜಾವಾಸ್ಕ್ರಿಪ್ಟ್ ಇಂಟರ್‌ಫೇಸ್ ಆ್ಯಪ್‌ನ ಕೋಡನ್ನು ಬೇರೆ ಥ್ರೆಡ್‌ನಲ್ಲಿ (ಪಕ್ಕದಲ್ಲೇ ನಡೆಯುವ ಕೆಲಸದ ಇನ್ನೊಂದು ಸರಣಿ) ಕರೆಯುವುದರಿಂದ, ವೆಬ್‌ವ್ಯೂನ ಎತ್ತರ ಬದಲಿಸುವ ಕೆಲಸವನ್ನು ಮುಖ್ಯ ಥ್ರೆಡ್‌ಗೆ ವರ್ಗಾಯಿಸಬೇಕು.

ಬಂದ ಸಂಖ್ಯೆ ಸಿಎಸ್‌ಎಸ್ ಪಿಕ್ಸೆಲ್‌ನಲ್ಲಿರುತ್ತದೆ. ಪುಟವನ್ನು ಝೂಮ್ ಮಾಡಿರದಿದ್ದರೆ ಐಓಎಸ್‌ನಲ್ಲಿ ಅದೇ ಪಾಯಿಂಟ್, ಅಂದರೆ ಅಲ್ಲಿನ ಅಳತೆಯ ಏಕಮಾನ. ಆಂಡ್ರಾಯ್ಡ್‌ನಲ್ಲಿ ಪರದೆಯ ಡೆನ್ಸಿಟಿಯಿಂದ (ಒಂದು ಸಿಎಸ್‌ಎಸ್ ಪಿಕ್ಸೆಲ್‌ಗೆ ಪರದೆಯ ಎಷ್ಟು ಪಿಕ್ಸೆಲ್ ಎಂಬ ಅನುಪಾತ) ಗುಣಿಸಬೇಕು, ಅಂದರೆ ಡೆನ್ಸಿಟಿ 3 ಇರುವ ಫೋನ್‌ನಲ್ಲಿ 640 ಎಂಬುದು 1920 ಆಗುತ್ತದೆ. ದಶಮಾಂಶ ಬಂದರೆ ಮೇಲಿನ ಪೂರ್ಣಾಂಕಕ್ಕೆ ಏರಿಸಿ. ಪುಟದ ಅಗಲ ಎಷ್ಟೆಂದು ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಮರೆತರೆ ಐಓಎಸ್ ಪುಟವನ್ನು 980 ಪಿಕ್ಸೆಲ್ ಅಗಲಕ್ಕೆ ಜೋಡಿಸುವುದರಿಂದ ಎಲ್ಲ ಲೆಕ್ಕವೂ ತಪ್ಪುತ್ತದೆ.

ಲೇಖನದ ಸಿಎಸ್‌ಎಸ್‌ನಲ್ಲಿ 'ವಿಎಚ್' ಅಳತೆ (ಕಾಣುವ ಭಾಗದ ಎತ್ತರದ ನೂರರಲ್ಲೊಂದು ಪಾಲು) ಇದೆಯೇ ಎಂಬುದನ್ನೂ ದಯವಿಟ್ಟು ನೋಡಿ. 100 ವಿಎಚ್ ಎತ್ತರದ ಭಾಗವೊಂದಿದ್ದು ಅದರ ಕೆಳಗೆ ಒಂದೇ ಸಾಲು ಇದ್ದರೂ, ವೆಬ್‌ವ್ಯೂ ಬೆಳೆದಂತೆ ಆ ಭಾಗವೂ ಬೆಳೆದು, ಅದಕ್ಕೆ ಮತ್ತೆ ವೆಬ್‌ವ್ಯೂ ಬೆಳೆದು, ಪುಟ ಕೊನೆಯಿಲ್ಲದೆ ಉದ್ದವಾಗುತ್ತಲೇ ಹೋಗುತ್ತದೆ.