ಮಗಳಿಗೆ ಇಲ್ಲಿ ಮೆಡಿಕಲ್ ಸೀಟ್ ಚಾನ್ಸ್ ಎಷ್ಟು ಅಂತ ಕೇಳಿದ್ರಲ್ಲ ತಮ್ಮಾ

ಅಕ್ಕ ಅಂತ ಕರೆದು ಬರ್ದಿದೀರಿ, ಅದೂ ಶಿಡ್ಲಘಟ್ಟದೋರು, ಉತ್ತರ ಬರೀದೆ ಇರೋಕಾಗುತ್ತಾ. ನಮ್ದು ಮುಳಬಾಗಿಲು ಕಡೆ, ಮನೇಲಿ ತೆಲುಗು ಬೀದೀಲಿ ಕನ್ನಡ, ಈ ನ್ಯೂಜೆರ್ಸಿಗೆ ಬಂದು 21 ವರ್ಷ ಆಯ್ತು. ನೀವು ಬರ್ದಿರೋದನ್ನ ನಾನು ಹಿಂಗೆ ಅರ್ಥ ಮಾಡ್ಕೊಂಡಿದೀನಿ, ತಪ್ಪಿದ್ರೆ ಹೇಳಿ: ಓಹಾಯೋಗೆ ಬಂದು ಒಂದೂವರೆ ವರ್ಷ, ನಿಮ್ದು ಎಚ್-1ಬಿ ಅನ್ನೋ ಕೆಲಸದ ವೀಸಾ, ಮಗಳು ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಮುಗಿಸಿ ಬಂದೋಳು, ವಯಸ್ಸು 19, ನಿಮ್ಮ ವೀಸಾ ಮೇಲೆ ಮನೆಯೋರಿಗೆ ಸಿಗೋ ಎಚ್-4 ಮೇಲೆ ಇಲ್ಲಿ ಕಾಲೇಜಲ್ಲಿ ಬಯಾಲಜಿ ಎರಡನೇ ವರ್ಷ, ಜಿಪಿಎ, ಅಂದ್ರೆ ಕಾಲೇಜಿನ ಸರಾಸರಿ ಗ್ರೇಡು, 4ಕ್ಕೆ 3.7, ಇಲ್ಲಿಯ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಇನ್ನೂ ಬರ್ದಿಲ್ಲ. ಮೆಡಿಕಲ್ ಸಿಗೋ ಚಾನ್ಸ್ ಎಷ್ಟು ಪರ್ಸೆಂಟ್, ಕಮ್ಮಿ ಇದ್ರೆ ಈಗ್ಲೇ ವಾಪಸ್ ಕಳ್ಸಿ ಕೋಲಾರದಲ್ಲೋ ತುಮಕೂರಲ್ಲೋ ಎನ್‌ಆರ್‌ಐ ಕೋಟಾದಲ್ಲಿ ಸೀಟ್ ತಗೊಳ್ಳೋದಾ, ಇದು ನಿಮ್ಮ ಪ್ರಶ್ನೆ.

ಪರ್ಸೆಂಟ್ ನಾನು ಹೇಳಲ್ಲ. ನಮ್ಮ ಕಡೆ ಬೋರ್ ಹಾಕ್ಸೋಕೆ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲದಲ್ಲೆಲ್ಲಾ ಓಡಾಡಿ ಪಾಯಿಂಟ್ ತೋರಿಸ್ತಾರಲ್ಲ, ಕಾಯಿ ಎದ್ದು ನಿಂತ್ರೆ ಅಲ್ಲಿ ನೀರು ಅಂತ, ನಮ್ಮಪ್ಪ ಹಂಗೆ ನೋಡ್ಸಿ ಮೂರು ಬೋರ್ ಹಾಕ್ಸಿದ್ರು, 1200 ಅಡಿಗೆ ಹೋದ್ರೂ ಬರೀ ಧೂಳು. ಇಲ್ಲೂ ಕಾಯಿ ಹಿಡ್ಕೊಂಡು ಓಡಾಡೋರು ಇದಾರೆ, ಕೌನ್ಸಿಲರ್ ಅಂತಾರೆ. ನನ್ನ ಮಗಳ ಟೈಮಲ್ಲಿ ಒಬ್ಬರಿಗೆ ಸುಮಾರು ದುಡ್ಡು ಸುರಿದು 85 ಪರ್ಸೆಂಟ್ ಚಾನ್ಸ್ ಇದೆ ಅಂತ ಹೇಳಿಸ್ಕೊಂಡ್ವಿ, ಆ ವರ್ಷ ಒಂದು ಸೀಟೂ ಬರ್ಲಿಲ್ಲ. ಆಮೇಲೆ ಫೋನ್ ಮಾಡಿದ್ರೆ ಮಿಕ್ಕಿದ 15 ಪರ್ಸೆಂಟಲ್ಲಿ ನೀವು ಬಿದ್ರಿ ಅಂದ ಮಹಾನುಭಾವ.

ನಾವು ಲೆಕ್ಕ ಹಾಕೋ ರೀತಿನೇ ಇಲ್ಲಿಗೆ ಹೊಂದಲ್ಲ ತಮ್ಮಾ. ಅಲ್ಲಿ ನೀಟ್‌ನಲ್ಲಿ 720ಕ್ಕೆ ಎಷ್ಟು, ರ‍್ಯಾಂಕ್ ಎಷ್ಟು, ಕೆಇಎ ಹೋದ ವರ್ಷದ ಕಟಾಫ್ ಎಷ್ಟು, ಇಷ್ಟು ಗೊತ್ತಾದ್ರೆ ಪಕ್ಕದ್ಮನೆ ಹುಡುಗನೂ ಹೇಳ್ತಾನೆ ಸಿಗುತ್ತೋ ಇಲ್ವೋ. ಇಲ್ಲಿ ರ‍್ಯಾಂಕೂ ಇಲ್ಲ ಕಟಾಫೂ ಇಲ್ಲ. ಎಂಕ್ಯಾಟ್ ಅಂತ ಏಳೂವರೆ ಗಂಟೆ ಕೂರ್ಸೋ ಪರೀಕ್ಷೆ, ಮಾರ್ಕ್ಸು 472ರಿಂದ 528ರವರೆಗೆ, ನಾಲ್ಕು ಭಾಗ. ಎಂಡಿ ಕಾಲೇಜುಗಳಿಗೆ (ಇಲ್ಲಿ ಎಂಡಿ ಅಂದ್ರೆ ಡಿಗ್ರಿ ಆದ್ಮೇಲೆ ಓದೋ, ನಮ್ಮ ಎಂಬಿಬಿಎಸ್ ಥರದ ಕೋರ್ಸು) ವರ್ಷಕ್ಕೆ 50 ಸಾವಿರದ ಆಸುಪಾಸು ಜನ ಅರ್ಜಿ ಹಾಕ್ತಾರೆ, ಸೇರೋದು ಅರ್ಧಕ್ಕಿಂತ ಕಮ್ಮಿ. ಸೇರಿದವರ ಸರಾಸರಿ ಎಂಕ್ಯಾಟ್ 511-512, ಜಿಪಿಎ 3.8ರ ಹತ್ರ. ಪರೀಕ್ಷೆ ನಡ್ಸೋ ಎಎಎಂಸಿ ಅನ್ನೋ ಸಂಸ್ಥೆಯೇ ಜಿಪಿಎ ಒಂದು ಕಡೆ ಎಂಕ್ಯಾಟ್ ಒಂದು ಕಡೆ ಇಟ್ಟು ಯಾವ ಚೌಕದಲ್ಲಿ ಎಷ್ಟು ಜನಕ್ಕೆ ಸೀಟ್ ಸಿಕ್ತು ಅಂತ ಟೇಬಲ್ ಹಾಕಿದೆ, ಪುಕ್ಕಟೆ, ಅದನ್ನ ನೋಡಿ. ನಿಮ್ಮ ಮಗಳ 3.7ಕ್ಕೆ 511 ಬಂದ್ರೆ ಹೆಚ್ಚೂ ಕಮ್ಮಿ ಅರ್ಧಕ್ಕರ್ಧ. ಆದ್ರೆ ಅದೇ ಟೇಬಲಲ್ಲಿ ಎಲ್ಲಕ್ಕಿಂತ ಮೇಲಿನ ಚೌಕ ನೋಡಿ, ಜಿಪಿಎ 3.8 ದಾಟಿ ಎಂಕ್ಯಾಟ್ 517ಕ್ಕಿಂತ ಜಾಸ್ತಿ ಬಂದೋರಲ್ಲೂ ಐದರಲ್ಲಿ ಒಬ್ರಿಗೆ ಹತ್ತಿರ ಎಲ್ಲೂ ಸೀಟ್ ಇಲ್ಲ. ಅಷ್ಟು ಮಾರ್ಕ್ಸ್ ತಗೊಂಡು ಸೀಟ್ ಇಲ್ಲ ಅಂದ್ರೆ ನಮ್ಮೂರಲ್ಲಿ ಯಾರೂ ನಂಬಲ್ಲ.

ಇದು ಅರ್ಥ ಆಗೋಕೆ ನನ್ನ ಮಗಳ ಕಥೆ ಕೇಳಿ. ಜಿಪಿಎ 3.8, ಎಂಕ್ಯಾಟ್ 513. ಮೊದಲನೇ ಸಲ ದೊಡ್ಡ ದೊಡ್ಡ ಹೆಸರಿರೋ 14 ಕಾಲೇಜಿಗೆ ಹಾಕಿದ್ಲು, ಅಂದ್ರೆ ಅವಳಲ್ಲ, ನಾವು ಹಾಕ್ಸಿದ್ವಿ, ಊರಲ್ಲಿ ಹೇಳ್ಕೋಬೇಕಲ್ಲ. ಲಾಸ್ಟ್ ಡೇಟ್ ಅಕ್ಟೋಬರ್ ಕೊನೆ ಇದೆ ಅಂತ ನಿಧಾನಕ್ಕೆ ಸೆಪ್ಟೆಂಬರ್‌ನಲ್ಲಿ ಕಳ್ಸಿದ್ವಿ. ಒಂದು ಇಂಟರ್‌ವ್ಯೂ ಬಂತು, ಸೀಟ್ ಇಲ್ಲ. ಎರಡನೇ ಸಲ ಅದೇ ಮಾರ್ಕ್ಸು, ಅದೇ ಹುಡುಗಿ, ಎಂಕ್ಯಾಟ್ ಮತ್ತೆ ಬರೀಲೇ ಇಲ್ಲ. ಪಟ್ಟಿ ಬದಲಾಯ್ಸಿದ್ಲು, ನಮ್ಮ ನ್ಯೂಜೆರ್ಸಿ ರಾಜ್ಯದ ಕಾಲೇಜುಗಳು, ಡಿಓ ಅಂದ್ರೆ ಆಸ್ಟಿಯೋಪತಿ ಪದ್ಧತಿಯ ಮೆಡಿಕಲ್ ಕಾಲೇಜು ಒಂದಾರು, ಜೂನ್ ಮೊದಲನೇ ವಾರ ಕಳ್ಸಿದ್ಲು, ನಾಲ್ಕು ಇಂಟರ್‌ವ್ಯೂ ಬಂತು, ಎರಡು ಸೀಟ್ ಬಂತು. ಡಿಓ ಅಂದಾಗ ನಮ್ಮೆಜಮಾನ್ರು ಅದೇನು ಮೂಳೆಗೆ ಪುತ್ತೂರು ಕಟ್ಟು ಕಟ್ಟೋ ಕೋರ್ಸಾ ಅಂದ್ರು ನೋಡಿ. ಅಲ್ಲಪ್ಪಾ, ಅವ್ರೂ ಇಲ್ಲಿ ಪೂರ್ತಿ ಡಾಕ್ಟರೇ, ಆಪರೇಷನ್ ಮಾಡ್ತಾರೆ ಔಷಧಿ ಬರೀತಾರೆ, 2020ರಿಂದ ಓದು ಮುಗಿದ್ಮೇಲೆ ಆಸ್ಪತ್ರೇಲಿ ತರಬೇತಿ ತಗೊಳ್ಳೋ ರೆಸಿಡೆನ್ಸಿನೂ ಎಂಡಿ ಡಿಓ ಎಲ್ಲಾರ್ಗೂ ಒಂದೇ ವ್ಯವಸ್ಥೆ.

ಲಾಸ್ಟ್ ಡೇಟ್ ಇರೋದು ಹೆಸರಿಗೆ. ಕೋಲಾರ ಎಪಿಎಂಸೀಲಿ ಟೊಮ್ಯಾಟೊ ಹರಾಜು ನೋಡಿರ್ತೀರಿ, ಬೆಳಿಗ್ಗೆ ಬಂದ ಬಾಕ್ಸಿಗೆ ಇರೋ ರೇಟು ಲೋಡೆಲ್ಲಾ ತುಂಬಿದ್ಮೇಲೆ ಬಂದ ಬಾಕ್ಸಿಗೆ ಇರುತ್ತಾ, ಹಣ್ಣು ಅದೇ ತೋಟದ್ದೇ ಆದ್ರೂನು. ಇಲ್ಲಿ ಮೇ ಮೊದಲಲ್ಲಿ ಫಾರ್ಮ್ ತೆರೀತಾರೆ, ಮೇ ಕೊನೆಯಿಂದ ಕಳಿಸ್ಬೋದು, ಬೇಸಿಗೇಲಿ ಒಂದೊಂದು ಕಾಲೇಜೂ ಬೇರೆ ಬೇರೆ ಪ್ರಶ್ನೆ ಕಳ್ಸಿ ಪ್ರಬಂಧ ಬರೆಸ್ತಾರೆ, ಆಗಸ್ಟ್‌ನಿಂದ ಇಂಟರ್‌ವ್ಯೂ, ಅಕ್ಟೋಬರ್ ಮಧ್ಯದಿಂದ ಸೀಟ್ ಹಂಚೋಕೆ ಶುರು, ಕ್ಲಾಸು ಮುಂದಿನ ವರ್ಷ. ಬಂದಹಂಗೆ ಬಂದಹಂಗೆ ತುಂಬ್ತಾ ಹೋಗ್ತಾರೆ. ಟ್ರಾನ್ಸ್‌ಕ್ರಿಪ್ಟ್ ಪರಿಶೀಲನೆಗೇ ಸೀಸನ್ ಜೋರಿದ್ದಾಗ ನಾಲ್ಕಾರು ವಾರ ಹಿಡಿಯುತ್ತೆ.

ಈಗ ನಿಮ್ಮ ವಿಷಯ. ನೀವು ಜಿಪಿಎ ಬರ್ದಿದೀರಿ, ಪಿಯುಸಿ ಪರ್ಸೆಂಟೇಜ್ ಬರ್ದಿದೀರಿ, ಎಸ್‌ಎಸ್‌ಎಲ್‌ಸಿದೂ ಬರ್ದಿದೀರಿ (ಅದ್ಯಾಕೆ!), ಗ್ರೀನ್ ಕಾರ್ಡ್ ವಿಷಯ ಒಂದು ಸಾಲೂ ಇಲ್ಲ. ನಾನು ಮೊದಲು ನೋಡೋದೇ ಅದನ್ನ. ಎಚ್-4 ಮಕ್ಕಳಿಗೆ 21 ತುಂಬೋವರೆಗೆ ಅಷ್ಟೇ, ಅಂದ್ರೆ ಇನ್ನೆರಡು ವರ್ಷ. ನಿಮ್ಮದು ಗ್ರೀನ್ ಕಾರ್ಡಿನ ಇಬಿ-2 ವರ್ಗ ಆಗ್ಲಿ ಇಬಿ-3 ಆಗ್ಲಿ ಇಂಡಿಯಾದೋರ ಕ್ಯೂ ಹತ್ತು ವರ್ಷದ ಮೇಲಿದೆ, ಈಗ ಬಂದೋರಿಗೆ ಅಷ್ಟರಲ್ಲಿ ಆಗೋ ಮಾತಲ್ಲ. ಅಂದ್ರೆ ಅವಳು ಎಫ್-1 ಅನ್ನೋ ಸ್ಟೂಡೆಂಟ್ ವೀಸಾಗೆ ಹೋಗ್ಬೇಕು, ಎಫ್-1 ಅಂದ್ರೆ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಲೆಕ್ಕ. ಇಲ್ಲಿ 150ಕ್ಕೂ ಮೇಲೆ ಎಂಡಿ ಕಾಲೇಜಿದೆ, ಅದರಲ್ಲಿ ಹೆಚ್ಚಿನವು ಇಂಟರ್‌ನ್ಯಾಷನಲ್ ಅಂದ್ರೆ ಫಾರ್ಮೇ ನೋಡಲ್ಲ. ನೋಡೋ ಕಾಲೇಜಲ್ಲೂ ದೇಶಕ್ಕೆಲ್ಲಾ ಸೇರಿ ವರ್ಷಕ್ಕೆ ಸೀಟ್ ಸಿಗೋದು ನೂರರ ಲೆಕ್ಕದಲ್ಲಿ, ಸಾವಿರದ ಲೆಕ್ಕದಲ್ಲಲ್ಲ. ಮೇಲೆ ಹೇಳಿದ ಅರ್ಧಕ್ಕರ್ಧ ಅನ್ನೋದು ನಿಮ್ಮ ಮಗಳಿಗೆ ಅನ್ವಯಿಸೋದೇ ಇಲ್ಲ, ಬೇಜಾರಾಗ್ಬೇಡಿ, ಯಾರೂ ನೇರವಾಗಿ ಹೇಳಲ್ಲ ಅಂತ ನಾನು ಹೇಳ್ತಿದೀನಿ. ನಮಗೆ ಮಗಳು ಹೈಸ್ಕೂಲಲ್ಲಿದ್ದಾಗ್ಲೇ ಕಾರ್ಡ್ ಬಂತು, ನಾವು ಬಂದ ಕಾಲ ಹಂಗಿತ್ತು, ಅದರಲ್ಲಿ ನಮ್ಮ ಜಾಣತನ ಏನೂ ಇಲ್ಲ.

ದುಡ್ಡಿನ ವಿಷಯಾನೂ ಇದಕ್ಕೇ ಗಂಟು ಬಿದ್ದಿದೆ. ಸಿಟಿಜನ್ನೋ ಗ್ರೀನ್ ಕಾರ್ಡೋ ಇಲ್ದೆ ಇದ್ರೆ ಸರ್ಕಾರದ ಸಾಲ ಸಿಗಲ್ಲ, ಕೆಲವು ಕಾಲೇಜು ಇಂಟರ್‌ನ್ಯಾಷನಲ್ ಮಕ್ಕಳಿಗೆ ಒಂದು ವರ್ಷದಿಂದ ಹಿಡಿದು ನಾಲ್ಕೂ ವರ್ಷದ ಫೀಸು ಮುಂಗಡವಾಗಿ ಬೇರೆ ಖಾತೇಲಿ ಇಡಿ ಅಂತಾವೆ. ಕಾರ್ಡ್ ಇರೋರಿಗೂ 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್ ಅಂತ ಮಿತಿ ಹಾಕಿದಾರೆ, ಎಷ್ಟೋ ಕಾಲೇಜಿನ ನಾಲ್ಕು ವರ್ಷದ ಖರ್ಚು ಅದಕ್ಕಿಂತ ಜಾಸ್ತಿ. ಅರ್ಜಿ ಹಾಕೋದಕ್ಕೇ ಮೊದಲನೇ ಕಾಲೇಜಿಗೆ 175 ಡಾಲರ್ ಆಸುಪಾಸು, ಆಮೇಲೆ ಒಂದೊಂದಕ್ಕೂ ಐವತ್ತರ ಹತ್ರ, ಮೇಲೆ ಪ್ರಬಂಧದ ಫೀಸು ಬೇರೆ. ಅದಕ್ಕೇ ಹೇಳೋದು ಸಿಗದೇ ಇರೋ ಕಾಲೇಜಿಗೆ ದುಡ್ಡು ಕಟ್ಬೇಡಿ ಅಂತ. ರಾಜ್ಯದ ವಿಷಯಾನೂ ಇದೆ, ಸರ್ಕಾರಿ ಕಾಲೇಜು ತಮ್ಮ ರಾಜ್ಯದ ಮಕ್ಕಳನ್ನೇ ಮೊದಲು ನೋಡ್ತಾವೆ, ಟೆಕ್ಸಾಸಲ್ಲಂತೂ 90 ಪರ್ಸೆಂಟ್ ಅಲ್ಲಿಯೋರಿಗೇ ಅಂತ ಕಾನೂನೇ ಇದೆ, ಡಲ್ಲಾಸಲ್ಲಿ ನಮ್ಮ ಕನ್ನಡದೋರು ತುಂಬಾ ಜನ ಇದಾರೆ ಅಂತ ಅಲ್ಲಿಗೆ ಅರ್ಜಿ ಹಾಕೋಕೆ ಹೋಗ್ಬೇಡಿ. ಎಎಎಂಸಿದೇ ಎಂಎಸ್‌ಎಆರ್ ಅಂತ ಒಂದು ಪಟ್ಟಿ ಇದೆ, ವರ್ಷಕ್ಕೆ ಸ್ವಲ್ಪ ದುಡ್ಡು, ಪ್ರತಿ ಕಾಲೇಜು ಹೊರಗಿನೋರ್ನ ಎಷ್ಟು ತಗೊಂಡ್ತು, ಇಂಟರ್‌ನ್ಯಾಷನಲ್ ತಗೊಳ್ತಾರಾ, ಎಲ್ಲಾ ಅದರಲ್ಲಿದೆ. ಕೌನ್ಸಿಲರ್‌ಗೆ ಕೊಡೋ ದುಡ್ಡಲ್ಲಿ ಅದನ್ನ ನೂರು ಸಲ ಕೊಂಡ್ಕೋಬೋದು.

ಇನ್ನೊಂದು, ಬೇಸಿಗೆ ರಜಾದಲ್ಲಿ ಮಗಳನ್ನ ಊರಿಗೆ ಕಳ್ಸಿ ನಿಮ್ಮ ಭಾವಮೈದುನರ ನರ್ಸಿಂಗ್ ಹೋಮಲ್ಲಿ ಎರಡು ವಾರ ಡಾಕ್ಟರ ಜೊತೆ ಕೆಲಸ ಮಾಡ್ಸಿ ಸರ್ಟಿಫಿಕೇಟ್ ತಗೊಳ್ಳೋಣ ಅಂದಿದೀರಿ. ಬೇಡ. ನಾವೂ ಅದನ್ನೇ ಮಾಡಿದ್ವಿ. ಹೆಲ್ತ್ ಕ್ಯಾಂಪು, ಬಿಳಿ ಕೋಟು, ಫೋಟೋ ಎಲ್ಲಾ ಆಯ್ತು. ಆ ಒಂದೇ ಒಂದು ಇಂಟರ್‌ವ್ಯೂ ಬಂತು ಅಂದೆನಲ್ಲ, ಅದರಲ್ಲಿ ನೀನು ಟ್ರೈನಿಂಗ್ ಇಲ್ದೆ ಅಲ್ಲಿ ಇಂಜೆಕ್ಷನ್ ಕೊಟ್ಟೆಯಾ ಅಂತ ಕೇಳಿದ್ರಂತೆ, ಇವಳು ಹೂಂ ಅಂದು ಹೆಮ್ಮೆಯಿಂದ ಹೇಳಿದಾಳೆ, ಕಥೆ ಅಲ್ಲಿಗೇ ಮುಗೀತು. ಬಡವರ ಮೈ ಮೇಲೆ ಕಲಿಯೋದನ್ನ ಇಲ್ಲಿ ತಪ್ಪು ಅಂತಾರೆ, ಯೋಚಿಸಿದ್ರೆ ನನಗೂ ಅದು ಸರಿ ಅನ್ಸುತ್ತೆ, ಆ ಸಾಲಲ್ಲಿ ನಮ್ಮಜ್ಜಿ ನಿಂತಿದ್ರೆ ಏನು ಮಾಡ್ತಿದ್ವಿ.

ಆಮೇಲೆ ಕೆಲಸಕ್ಕೆ ಬಂದಿದ್ದು ಯಾವುದು ಗೊತ್ತಾ, ಮನೆ ಹತ್ರ ಒಂದು ವೃದ್ಧರ ಆರೈಕೆ ಕೇಂದ್ರ, ಪ್ರತಿ ಶನಿವಾರ ಮೂರು ಗಂಟೆ ಹೋಗಿ ಮುದುಕ್ರಿಗೆ ಊಟ ಮಾಡಿಸೋದು. ಎರಡು ವರ್ಷ ಬಿಡದೆ ಹೋದ್ಲು. ಬಾಯಿ ತೆರೀದೇ ಇರೋ ಒಬ್ಬ ಅಜ್ಜಂಗೆ ಚಮಚ ಯಾವ ಕಡೆಯಿಂದ ಹಿಡಿದ್ರೆ ತಿಂತಾನೆ ಅಂತ ಅವಳಿಗೆ ಗೊತ್ತಾಗೋಕೆ ನಾಲ್ಕು ತಿಂಗ್ಳಾಯ್ತಂತೆ. ಫಾರ್ಮಲ್ಲಿ 15 ಚಟುವಟಿಕೆ ಬರೀಬೋದು, ಅದರಲ್ಲಿ ಮೂರನ್ನ ಮುಖ್ಯ ಅಂತ ಆರಿಸ್ಬೇಕು, ಎರಡನೇ ಸಲ ಇದನ್ನ ಮೊದಲು ಇಟ್ಲು. ನಾಲ್ಕೂ ಇಂಟರ್‌ವ್ಯೂನಲ್ಲಿ ಆ ಅಜ್ಜನ ಬಗ್ಗೇನೇ ಕೇಳಿದ್ರು. ನಾನು ದುಡ್ಡು ಕೊಟ್ಟು ಸೇರ್ಸಿದ್ದ ಸಮ್ಮರ್ ಪ್ರೋಗ್ರಾಂ ಬಗ್ಗೆ ಒಬ್ರೂ ಕೇಳ್ಲಿಲ್ಲ.

ಎಂಕ್ಯಾಟಲ್ಲಿ ನಮ್ಮ ಮಕ್ಕಳು ಜಾರೋದು ಕಾರ್ಸ್ ಅನ್ನೋ ಭಾಗದಲ್ಲಿ, ಬರೀ ಓದಿ ಅರ್ಥ ಮಾಡ್ಕೊಳ್ಳೋದು, ಕಲೆ ತತ್ವಶಾಸ್ತ್ರ ಇತಿಹಾಸ ಅಂತ ತುಣುಕು ಕೊಟ್ಟು ಬರ್ದೋನ ಉದ್ದೇಶ ಏನು ಅಂತ ಕೇಳ್ತಾರೆ. ಫಾರ್ಮುಲಾ ಬಾಯಿಪಾಠ ಮಾಡಿ ಬರಲ್ಲ ಅದು, ಇವತ್ತಿಂದ ದಿನಾ ಅರ್ಧ ಗಂಟೆ ಏನಾದ್ರೂ ಓದ್ಲಿ, ಬಯಾಲಜಿ ಬಿಟ್ಟು ಬೇರೆ.

ವಾಪಸ್ ಕಳಿಸೋ ವಿಷಯ. ನೀವದನ್ನ ಸೋತು ಹೋಗೋ ಥರ ಬರ್ದಿದೀರಿ, ನಾನು ಹಂಗೆ ನೋಡಲ್ಲ. ಅವಳಿಗೆ ನೀಟ್‌ನಲ್ಲಿ ಕ್ವಾಲಿಫೈ ಆಗ್ಲೇಬೇಕು, ಎನ್‌ಆರ್‌ಐ ಕೋಟಾ ಆದ್ರೂನು, ಅದು ನೆನಪಿರ್ಲಿ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಆಮೇಲೆ ಯುಎಸ್‌ಎಂಎಲ್‌ಇ ಸ್ಟೆಪ್ 1, ಸ್ಟೆಪ್ 2 ಅನ್ನೋ ಇಲ್ಲಿಯ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಬರ್ದು ಇಲ್ಲಿ ರೆಸಿಡೆನ್ಸಿಗೆ ಹಾಕ್ಬೋದು. ಹೊರದೇಶದಲ್ಲಿ ಓದಿ ಬಂದ ವಿದೇಶಿ ಡಾಕ್ಟರುಗಳಲ್ಲಿ ನೂರಕ್ಕೆ ಅರವತ್ತರ ಆಸುಪಾಸು ಜನಕ್ಕೆ ಜಾಗ ಸಿಗುತ್ತೆ, ತರಬೇತಿಗೆ ಕೊಡೋ ಜೆ-1 ವೀಸಾ ಆದ್ರೆ ಮುಗಿದ್ಮೇಲೆ ಎರಡು ವರ್ಷ ವಾಪಸ್ ಹೋಗ್ಬೇಕು ಇಲ್ಲಾ ಇಲ್ಲಿ ಡಾಕ್ಟರಿಲ್ದ ಊರಲ್ಲಿ ಮೂರು ವರ್ಷ ಕೆಲಸ ಮಾಡಿ ಮಾಫಿ ತಗೋಬೇಕು. ಸರ್ಜರಿ, ಚರ್ಮ ಇಂಥವು ಬಲು ಕಷ್ಟ, ಇಂಟರ್ನಲ್ ಮೆಡಿಸಿನ್, ಫ್ಯಾಮಿಲಿ ಮೆಡಿಸಿನ್ ಸಿಗುತ್ತೆ. ಎಫ್-1 ಮೇಲೆ ಇಲ್ಲಿ ಎಂಡಿ ಸೀಟಿಗೆ ಕಾಯೋದಕ್ಕೆ ಹೋಲಿಸಿದ್ರೆ ಈ ದಾರಿ ಉದ್ದ, ಆದ್ರೆ ಬಾಗಿಲು ದೊಡ್ಡದು. ಹುಡುಗಿ ಒಬ್ಳೇ ಅಲ್ಲಿರ್ಬೇಕು ಅನ್ನೋದು ನಿಜ, ಆದ್ರೆ ಕೋಲಾರದ ಟಮಕದಲ್ಲೋ ತುಮಕೂರಲ್ಲೋ ಇದ್ರೆ ಶಿಡ್ಲಘಟ್ಟದಲ್ಲಿ ಅಜ್ಜಿ ಇದಾರಲ್ಲ, ಹಬ್ಬ ಹುಣ್ಣಿಮೆಗೆ ಹೋಗಿ ಬರ್ಬೋದು, ಇಲ್ಲಿ ನಮಗೆ ಅದೂ ಇಲ್ಲ.

ಏನೇ ತೀರ್ಮಾನ ತಗೊಳ್ಳೋಕೆ ಮುಂಚೆ ನಿಮ್ಮ ಕಂಪನಿ ಲಾಯರ್ ಹತ್ರ ಮೂರು ವಿಷಯ ಕೇಳಿ ನನಗೆ ಬರೀರಿ: ಕಂಪನಿ ಗ್ರೀನ್ ಕಾರ್ಡಿಗೆ ಹಾಕೋ ಐ-140 ಅರ್ಜಿ ಹಾಕಿದಾರಾ, ಪ್ರಯಾರಿಟಿ ಡೇಟ್ ಅಂದ್ರೆ ಕ್ಯೂನಲ್ಲಿ ನಿಮ್ಮ ತಾರೀಖು ಯಾವುದು, ಮಗಳು ಎಫ್-1ಗೆ ಯಾವಾಗ ಬದಲಾಯ್ಸಬೇಕು. 21 ಆಗೋವರೆಗೆ ಕಾಯ್ಬೇಡಿ, ಮುಂಚೇನೇ ಫೈಲ್ ಮಾಡ್ಬೇಕು. ಮತ್ತೆ ಅವಳನ್ನೂ ಒಂದು ಮಾತು ಕೇಳಿ, ಇಷ್ಟುದ್ದ ಬರ್ದಿದೀರಿ, ಅವಳಿಗೇನು ಬೇಕು ಅಂತ ಎಲ್ಲೂ ಇಲ್ಲ. ಈ ವಾರ ನನ್ನ ಮಗಳಿಗೆ ನೈಟ್ ಡ್ಯೂಟಿ, ಮುಂದಿನ ಭಾನುವಾರ ರಜಾ, ಅವತ್ತು ಇಬ್ಬರನ್ನೂ ಫೋನಲ್ಲಿ ಮಾತಾಡ್ಸೋಣ, ನಾವಿಬ್ರೂ ಮಧ್ಯ ಬಾಯಿ ಹಾಕೋದು ಬೇಡ.