ಗುಳ್ಳೆ ಮೊದಲೋ, ಹನಿ ಮೊದಲೋ?

ಪ್ರಿಯ ಗೋಣಿಕೊಪ್ಪದ ಮಿತ್ರರೇ,

ತೈಲ ಮತ್ತು ಅನಿಲ ನಿಕ್ಷೇಪಗಳ ಐದು ವಿಧಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆ ಶುದ್ಧ, ಕಾಗುಣಿತದಲ್ಲಿ ತಪ್ಪಿಲ್ಲ. ಕಾಫಿ, ಕಾಳುಮೆಣಸು, ಆನೆ ಬಿಟ್ಟು ಬೇರೇನೋ ಬಂತಲ್ಲ ಅಂತ ಖುಷಿಯಿಂದಲೇ ಕೂತೆ. ಎರಡನೇ ಪುಟದಲ್ಲಿ ಸಿಟ್ಟು ಬಂತು.

ನಿಮ್ಮ ಸಾಲು ಇದು: “ಮೂರನೆಯದು ಗ್ಯಾಸ್ ಕಂಡೆನ್ಸೇಟ್. ಇದರಲ್ಲಿ ಒತ್ತಡ ಇಳಿದಾಗ ಅನಿಲವು ದ್ರವವಾಗುತ್ತದೆ. ನಾಲ್ಕನೆಯದು ವೆಟ್ ಗ್ಯಾಸ್.”

ಅಷ್ಟೇನಾ? ಅಡುಗೆಮನೆಯ ಸಿಲಿಂಡರ್‌ನಲ್ಲಿ ಒತ್ತಡಕ್ಕೆ ದ್ರವವಾಗಿ ಕೂತದ್ದು, ರೆಗ್ಯುಲೇಟರ್ ತಿರುಗಿಸಿದರೆ ಅನಿಲವಾಗಿ ಬರುತ್ತದೆ. ಓದುಗನಿಗೆ ಗೊತ್ತಿರುವುದು ಅದು. ನೀವು ಹೇಳುತ್ತಿರುವುದು ಅದರ ಉಲ್ಟಾ, ಅಲ್ವಾ? ಅಷ್ಟು ದೊಡ್ಡ ಸಂಗತಿ ಹೇಳಿ, ಉಸಿರೂ ಬಿಡದೆ ನಾಲ್ಕನೆಯದಕ್ಕೆ ಓಡಿದ್ದೀರಿ.

ಕಾರಣ ಬರೆಯಿರಿ. ಆಳದಲ್ಲಿ ಒತ್ತಡ ಎಷ್ಟಿರುತ್ತದೆ ಅಂದರೆ, ಅನಿಲ ದಟ್ಟವಾಗಿ, ಭಾರದ ಹೈಡ್ರೋಕಾರ್ಬನ್‌ಗಳನ್ನೂ ಅಂದರೆ ಎಣ್ಣೆಯಾಗಬಲ್ಲ ಅಂಶಗಳನ್ನೂ ತನ್ನೊಳಗೆ ಕರಗಿಸಿಕೊಂಡಿರುತ್ತದೆ. ಬಾವಿಯಿಂದ ಅನಿಲ ತೆಗೆದಂತೆ ಒತ್ತಡ ಇಳಿಯುತ್ತದೆ, ಅನಿಲ ತೆಳುವಾಗುತ್ತದೆ, ಭಾರದವನ್ನು ಹಿಡಿದುಕೊಳ್ಳಲು ಆಗುವುದಿಲ್ಲ. ಅವು ಹನಿಯಾಗಿ ಬಂಡೆಯ ಸಣ್ಣ ರಂಧ್ರಗಳಲ್ಲೇ ಉಳಿಯುತ್ತವೆ. ಜಾಸ್ತಿ ಬೆಲೆಯ ಭಾಗ ಕೆಳಗೇ ಸಿಕ್ಕಿಬಿತ್ತು. ಸಾಲದ್ದಕ್ಕೆ ಬಾವಿಯ ಸುತ್ತ ಅನಿಲದ ದಾರಿಯನ್ನೂ ಕಟ್ಟಿತು. ಇಂಡೋನೇಷ್ಯಾದ ಅರುನ್ ನಿಕ್ಷೇಪದಲ್ಲಿ ಹೀಗಾಗಿ ಕೆಲವು ಬಾವಿಗಳ ಸಾಮರ್ಥ್ಯ ಅರ್ಧದಷ್ಟು ಕುಸಿದಿತ್ತು.

ನಾನು ಕೆಲಸ ಕಲಿತದ್ದು ಮಡಿಕೇರಿಯ ಪತ್ರಿಕೆಯೊಂದರಲ್ಲಿ, ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ಬರೆದದ್ದನ್ನು ಮೊದಲು ಮೊಳೆ ಜೋಡಿಸುವ ಅಣ್ಣನಿಗೆ ಓದಿ ಹೇಳಬೇಕು ಅಂತ ನಮ್ಮ ಸಂಪಾದಕರ ಕಟ್ಟಪ್ಪಣೆ. ಒಮ್ಮೆ ಹಾರಂಗಿ ಅಣೆಕಟ್ಟಿನ ಲೇಖನ ಓದಿದೆ. ಅಡಿ, ಕ್ಯುಸೆಕ್, ಟಿಎಂಸಿ ಎಲ್ಲ ಆಯಿತು. ಅಣ್ಣ ಬೀಡಿ ಹಚ್ಚಿಕೊಂಡು ಕೇಳಿದರು: “ಅದೆಲ್ಲ ಸರಿ, ಗೇಟು ಯಾವಾಗ ತೆಗೀತಾರೆ?” ಸಂಪಾದಕರು ಒಳಗಿನಿಂದಲೇ, “ಅದನ್ನ ಬರಿ” ಅಂದರು. ಆಗ ಇಬ್ಬರ ಮೇಲೂ ನನಗೆ ಕೋಪ. ಅಣ್ಣ ಓದಿದ್ದು ನಾಲ್ಕನೇ ಕ್ಲಾಸು, ನಾನು ಡಿಗ್ರಿ!

ನಿಮ್ಮ ಲೇಖನದಲ್ಲೂ ಗೇಟಿನ ಮಾತೇ ಇಲ್ಲ. ಕಂಡೆನ್ಸೇಟ್ ಅಂತ ಮೊದಲೇ ಗೊತ್ತಾದರೆ ಏನು ಮಾಡುತ್ತಾರೆ? ಮೇಲೆ ಬಂದ ಅನಿಲದಿಂದ ದ್ರವ ಬೇರೆ ಮಾಡಿ, ಒಣ ಅನಿಲವನ್ನು ವಾಪಸ್ ಬಂಡೆಗೆ ತುಂಬಿ ಒತ್ತಡ ಕಾಯುತ್ತಾರೆ. ವರ್ಗೀಕರಣ ಇರುವುದೇ ಇದಕ್ಕೆ.

ಇನ್ನು ನಿಮ್ಮ ಕೋಷ್ಟಕ. “ಗ್ಯಾಸ್-ಆಯಿಲ್ ಅನುಪಾತ 1,750ರ ಒಳಗಿದ್ದರೆ ಬ್ಲ್ಯಾಕ್ ಆಯಿಲ್, 3,200ರವರೆಗೆ ವೊಲಟೈಲ್ ಆಯಿಲ್, ದಾಟಿದರೆ ಕಂಡೆನ್ಸೇಟ್.” ಬ್ಲ್ಯಾಕ್ ಅಂದರೆ ಅನಿಲ ಕಡಿಮೆ ಕರಗಿದ ಎಣ್ಣೆ, ವೊಲಟೈಲ್ ಅಂದರೆ ಹೆಚ್ಚು ಕರಗಿದ ಎಣ್ಣೆ ಅಂತಲೂ ಓದುಗನಿಗೆ ಹೇಳಬೇಕು. 1,750 ಏನು? ಲೀಟರಾ, ಕಿಲೋನಾ? ಮೇಲಿನ ಟ್ಯಾಂಕಿಗೆ ಬಂದ ಒಂದು ಬ್ಯಾರಲ್ ಎಣ್ಣೆಯ ಜೊತೆ ಎಷ್ಟು ಘನ ಅಡಿ ಅನಿಲ ಬಂತು ಅನ್ನುವ ಲೆಕ್ಕ ಅದು. ಅದೂ ಉತ್ಪಾದನೆಯ ಶುರುವಿನಲ್ಲಿ ಅಳೆದದ್ದು. ನೀವು ಎರಡನ್ನೂ ಹೇಳಿಲ್ಲ. 3,200 ಅನ್ನುವುದು ಅನುಭವದ ಅಂದಾಜು, ಬೇಲಿಯಲ್ಲ. 3,100 ಬಂದರೆ ಎಣ್ಣೆ, 3,300 ಬಂದರೆ ಅನಿಲ ಅಂತ ಯಾರೂ ಸುಮ್ನೆ ತೀರ್ಮಾನಿಸುವುದಿಲ್ಲ. ಮಾದರಿಯನ್ನು ಪ್ರಯೋಗಾಲಯದಲ್ಲಿ ನಿಕ್ಷೇಪದಷ್ಟೇ ಬಿಸಿಯಲ್ಲಿಟ್ಟು ಒತ್ತಡ ಇಳಿಸುತ್ತಾ ನೋಡುತ್ತಾರೆ. ಮೊದಲು ಕಾಣಿಸಿದ್ದು ಗುಳ್ಳೆಯಾದರೆ ಎಣ್ಣೆ, ಹನಿಯಾದರೆ ಕಂಡೆನ್ಸೇಟ್. ಇಷ್ಟು ಚೆಂದದ ಪರೀಕ್ಷೆ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಲೇಖನ ಅಲ್ಲಿಂದಲೇ ಶುರುವಾಗಲಿ.

ಕೊಡಗಿನ ಕೆಳಗೂ ಎಣ್ಣೆ ಇರಬಹುದು ಅನ್ನುವ ಕೊನೆಯ ಪ್ಯಾರಾ ಹೊಡೆದುಹಾಕಿದ್ದೇನೆ. ನಮ್ಮ ಕಾಲಡಿ ಇರುವುದು ಬಿಸಿ, ಒತ್ತಡಕ್ಕೆ ಸಿಕ್ಕಿ ಬದಲಾದ ಬಹಳ ಹಳೆಯ ನೈಸ್ (gneiss) ಬಂಡೆ, ಎಣ್ಣೆ ಹುಟ್ಟುವ ಪದರಗಲ್ಲಲ್ಲ. ತಿದ್ದಿದ ಪ್ರತಿ ಕೈಲ್ ಮುಹೂರ್ತದ ಹಬ್ಬ ಮುಗಿದ ಮೇಲೆ ಕಳಿಸಿದರೂ ಸಾಕು. ಕೋಷ್ಟಕ ಬೇಡ.