‘ಒಲಿದಂತೆ ಹಾಡುವೆ’ ಎಂದ ಕವಿಗೆ

ಪ್ರಿಯರೇ,

ನೀವು ಕಳುಹಿಸಿದ ಐದೂ ಕವಿತೆಗಳನ್ನು ಎರಡೆರಡು ಸಲ ಓದಿದೆ. ಈಗಿರುವ ರೂಪದಲ್ಲಿ ಯಾವುದನ್ನೂ ಪ್ರಕಟಿಸಲಾರೆ. ನಾಲ್ಕರಲ್ಲಿ ಇತರರಿಂದ ಓದಿದ್ದೇ ಹೆಚ್ಚು ಕೇಳಿಸುತ್ತದೆ, ನೀವು ಕಡಿಮೆ. ಐದನೆಯದಾದ ‘ಹಂಡೆ’ ಮಾತ್ರ ನನ್ನನ್ನು ಬಿಡಲಿಲ್ಲ. ಈ ಪತ್ರ ಅದಕ್ಕಾಗಿ.

ಜೊತೆಗಿಟ್ಟ ಓಲೆಯಲ್ಲಿ ‘ಕಲೆಗೆ ನಿಯಮದ ಹಂಗಿಲ್ಲ’ ಎಂದು ಬರೆದು, ಬಸವಣ್ಣನವರ ‘ಆನು ಒಲಿದಂತೆ ಹಾಡುವೆ’ ಎಂಬ ಮಾತನ್ನು ಸಾಕ್ಷಿಗೆ ಕರೆದಿದ್ದೀರಿ. ಆ ವಚನವನ್ನು ಮೊದಲಿನಿಂದ ಓದಿ. ತಾಳಮಾನವನ್ನು ಅರಿಯೆ, ಓಜೆ ಬಜಾವಣೆಯ ಲೆಕ್ಕವನ್ನು ಅರಿಯೆ, ಅಮೃತಗಣ ದೇವಗಣವನ್ನು ಅರಿಯೆ ಎನ್ನುತ್ತಾರೆ. ಸಂಗೀತ, ಛಂದಸ್ಸುಗಳ ಲೆಕ್ಕಗಳಿವು; ಅರಿಯೆನೆಂದು ಬಿಟ್ಟ ಒಂದೊಂದರ ಹೆಸರೂ ಅವರ ಬಾಯಲ್ಲಿದೆ! ಮೂರು ಸಲ ‘ಅರಿಯೆ’ ಎಂದು ಹೆಜ್ಜೆ ಊರಿದ ಮೇಲೆಯೇ ‘ಹಾಡುವೆ’ ಬರುವುದು. ಹಳೆಯ ಲೆಕ್ಕವನ್ನು ಕೈಬಿಟ್ಟ ಆ ವಚನ ತನ್ನದೇ ನಡೆಯನ್ನು ಕಟ್ಟಿಕೊಂಡು, ಕೊನೆಯವರೆಗೂ ಅದಕ್ಕೆ ಬದ್ಧವಾಗಿದೆ. ನಿಮ್ಮಲ್ಲಿ ನನಗೆ ಸಿಗದೆ ಹೋದದ್ದು ಆ ನಡೆ.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಕಟ್ಟನ್ನು, ಬಿಟ್ಟದ್ದನ್ನೂ ನೆನೆಯಿರಿ. ಶತಮಾನಗಳಿಂದ ಬಂದ ಕಟ್ಟು ಅದು, ಆಕ್ಷೇಪಗಳು ಬಂದವು. ಆದರೆ ಅವರು ಬಿಟ್ಟದ್ದು ಪ್ರಾಸವನ್ನು, ಲಯವನ್ನಲ್ಲ. ಅಲ್ಲಿಯವರೆಗೆ ಪ್ರಾಸವಿಟ್ಟೇ ಬರೆದಿದ್ದವರಿಗೆ ಅದು ಎಲ್ಲೆಲ್ಲಿ ಅರ್ಥವನ್ನು ಎಳೆದಾಡುತ್ತದೆಂದು ಗೊತ್ತಿತ್ತು.

ಈಗ ನಿಮ್ಮ ‘ಹಂಡೆ’. ‘ಮಳೆ / ಬಂದಾಗ / ಅಜ್ಜಿ / ಹಂಡೆಯನ್ನು / ಸೂರಿನ ಕೆಳಗೆ / ಇಟ್ಟಳು.’ ಇದನ್ನು ಒಂದೇ ಸಾಲಾಗಿ ಬರೆದು ಗಟ್ಟಿಯಾಗಿ ಓದಿದೆ. ಏನೂ ಕಳೆಯಲಿಲ್ಲ. ಹಾಗಾದರೆ ಆ ಆರು ತುಂಡುಗಳು ಏಕೆ? ಸಾಲು ಮುರಿದ ಕಡೆ ಓದುಗ ಮುಂದಿನ ಪದಕ್ಕೆ ಉಸಿರು ಹಿಡಿದು ಕಾಯಬೇಕು. ‘ಮಳೆ’ಯ ನಂತರ ‘ಬಂದಾಗ’ ಎಂಬುದಕ್ಕೆ ಯಾರು ಕಾಯುತ್ತಾರೆ?

ಆದರೆ ನಡುವೆ ಒಂದು ಸಾಲಿದೆ: ‘ತುಂಬುತ್ತ ತುಂಬುತ್ತ ಹಂಡೆಯ ಸದ್ದು ಬೇರೆಯಾಯಿತು.’ ಖಾಲಿ ತಾಮ್ರದ ಮೇಲೆ ಠಣಠಣ ಎನ್ನುತ್ತಿದ್ದ ಹನಿ ನೀರಿನ ಮೇಲೆ ಮೆತ್ತಗಾಗುವುದನ್ನು ಬಾಲ್ಯದಲ್ಲಿ ನಾನೂ ಕೇಳಿದ್ದೇನೆ, ಮರೆತೂ ಬಿಟ್ಟಿದ್ದೆ. ನಿಮ್ಮ ಸಾಲು ಅದನ್ನು ಮರಳಿ ಕೇಳಿಸಿತು. ಅಲ್ಲಿ ನೀವು ಕವಿ. ಮರುಸಾಲಿನಲ್ಲೇ ‘ಬದುಕೂ ಹೀಗೆಯೇ ಅಲ್ಲವೇ’ ಎಂದು ಕೇಳಿ ಆ ಸದ್ದನ್ನು ಅಡಗಿಸಿಬಿಟ್ಟಿರಿ. ಅಲ್ಲಿಂದ ಮುಂದಿನದೆಲ್ಲವನ್ನೂ ಹೊಡೆದುಹಾಕಿ.

ಒಂದು ಅಭ್ಯಾಸ ಹೇಳುತ್ತೇನೆ. ಅಚ್ಚಿಗಲ್ಲ, ನಿಮ್ಮ ಕಿವಿಗಾಗಿ. ಇದೇ ಹಂಡೆಯನ್ನು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಬರೆಯಿರಿ. ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ, ಅಂದರೆ ದೀರ್ಘಕ್ಕೆ ಅಥವಾ ಒತ್ತಕ್ಷರದ ಹಿಂದಿನ ಅಕ್ಷರಕ್ಕೆ, ಎರಡು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು, ಅಂದರೆ 14 ಮಾತ್ರೆ. ಮೂರು ಮತ್ತು ಆರನೆಯದರಲ್ಲಿ ಅದೇ ನಡೆ ಒಂದೂವರೆಯಷ್ಟು ಮುಂದುವರಿದು ಕೊನೆಗೊಂದು ಗುರು, ಒಟ್ಟು 23. ಪ್ರಾಸ ಬೇಡ. ಕುಮಾರವ್ಯಾಸ ಈ ಅಳತೆಯೊಳಗೇ ಭಾರತದ ಹತ್ತು ಪರ್ವಗಳನ್ನು ಹಾಡಿದ; ಅಲ್ಲಿ ಯುದ್ಧದ ಓಟವೂ ದ್ರೌಪದಿಯ ಮೊರೆಯೂ ಒಂದೇ ಲೆಕ್ಕದಲ್ಲಿದ್ದು ಬೇರೆ ಬೇರೆಯಾಗಿ ಕೇಳಿಸುತ್ತವೆ. ನಿಮ್ಮ ಆರಂಭವನ್ನು ನಾನೇ ಎಣಿಸಿ ನೋಡಿದೆ: ‘ಮಳೆಯು ಸುರಿಯಿತು ಸೂರ ಕೆಳಗಡೆ’. ದೊಡ್ಡ ಸಾಲೇನೂ ಅಲ್ಲ. ಆದರೆ ‘ಬಂದಾಗ’ ತಾನಾಗಿ ಉದುರಿತು, ಅಜ್ಜಿ ಮತ್ತು ಹಂಡೆ ಎರಡನೆಯ ಸಾಲಿಗೆ ಸರಿದರು, ಸೂರಿನ ಕೆಳಗೆ ಏನಿದೆ ಎಂದು ನಾನು ಕಾಯುವಂತಾಯಿತು.

ಅದಾದ ಮೇಲೆ ನಿಮ್ಮ ಮುಕ್ತ ರೂಪಕ್ಕೇ ಹಿಂದಿರುಗಿ ‘ಹಂಡೆ’ಯನ್ನು ಮತ್ತೆ ಬರೆದು ಕಳುಹಿಸಿ. ಷಟ್ಪದಿಯನ್ನೂ ಜೊತೆಗಿಡಿ, ತಪ್ಪಿದ್ದರೆ ಚಿಂತೆಯಿಲ್ಲ. ಮಾತ್ರೆ ಜಾರಿದ ಕಡೆಯಲ್ಲೆಲ್ಲ ಗುರುತು ಹಾಕಿ ಮರಳಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ